ಬಲವ್ಯಾಯಾಮವೂ ಸ್ತ್ರೀಯರೂ: ಕನ್ನಡನಾಡಿನ ಇತಿಹಾಸದಲ್ಲಿ ಒಂದು ವಿಚಾರ

ದೇಹದಾರ್ಢ್ಯವನ್ನು ಪಡೆಯುವುದಕ್ಕೂ ಹೆಚ್ಚಿದ ಮೇದಸ್ಸನ್ನು ಇಳಿಸುವುದಕ್ಕೂ ಸ್ತ್ರೀಯರು ಭಾರವನ್ನೆತ್ತಿ ಸಾಮು ಮಾಡುವ ಪದ್ಧತಿಯು ಈಚೆಗೆ ಕನ್ನಡನಾಡಿನ ಪಟ್ಟಣಗಳಲ್ಲಿ ಹಬ್ಬುತ್ತಿರುವುದು ಸರ್ವವಿದಿತವಾಗಿದೆ. ಇದನ್ನು ಕುರಿತು ಎರಡು ಅಭಿಪ್ರಾಯಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಇದು ಪರದೇಶದಿಂದ ಬಂದ ನೂತನ ಸಂಪ್ರದಾಯವೆಂದೂ ಈ ನಾಡಿನ ಶಾಸ್ತ್ರಕ್ಕೂ ಆಚಾರಕ್ಕೂ ಹೊರಗಾದುದೆಂದೂ ಹೇಳುವವರು ಒಂದು ಪಕ್ಷದವರು. ಹಿಂದಿನ ಹೆಂಗಸರು ಬೀಸಿ, ಕುಟ್ಟಿ, ನೀರು ಹೊತ್ತು ಮಾಡುತ್ತಿದ್ದ ಮನೆಗೆಲಸವೇ ಅವರಿಗೆ ಸಾಕಷ್ಟು ವ್ಯಾಯಾಮವಾಗಿದ್ದಿತು, ಬೇರೊಂದರ ಅವಶ್ಯಕತೆಯೇ ಇರಲಿಲ್ಲ ಎನ್ನುವವರು ಎರಡನೆಯ ಪಕ್ಷದವರು. ಮೊದಲನೆಯ ಪಕ್ಷಕ್ಕೆ ಇತಿಹಾಸವೇ ಉತ್ತರ ಕೊಡುತ್ತದೆ. ಎರಡನೆಯದು ಮೇಲುನೋಟಕ್ಕೆ ಯುಕ್ತವೆಂದು ತೋರುವುದರಿಂದ ಅದನ್ನು ಹೆಚ್ಚು ಸಾವಧಾನವಾಗಿ ಪರೀಕ್ಷಿಸಬೇಕಾಗಿದೆ. ಈ ಎರಡಕ್ಕೂ ಮೊದಲು ವ್ಯಾಯಾಮವೆಂದರೇನೆಂಬುದು ನಿಶ್ಚಯವಾಗತಕ್ಕದ್ದು.

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ವ್ಯಾಯಾಮದ ಲಕ್ಷಣವು ಉಕ್ತವಾಗಿದೆ. ಸ್ಥೈರ್ಯಕ್ಕಾಗಿ ಮಾಡತಕ್ಕ, ಬಲವನ್ನು ವೃದ್ಧಿಗೊಳಿಸುವ ಶರೀರಚೇಷ್ಟೆಯೇ ವ್ಯಾಯಾಮ. ಅದನ್ನು ಮಾತ್ರೆಯರಿತು ಆಚರಿಸಬೇಕು ಎಂಬುದು ಅದರ ತಾತ್ಪರ್ಯ. ಈ ಲಕ್ಷಣದಲ್ಲಿ ‘ಚೇಷ್ಟಾ’ ಎಂಬ ಶಬ್ದವು ಎರಡು ಸಲ ಬಂದಂತೆ ಕಾಣುತ್ತದೆ. ಒಂದೇ ಶಬ್ದವನ್ನು ಲಕ್ಷಣವಾಕ್ಯದಲ್ಲಿ ವ್ಯರ್ಥವಾಗಿ ಎರಡು ಸಲ ಪ್ರಯೋಗಿಸುವುದು ಶಾಸ್ತ್ರಕಾರರಿಗೆ ಸಹಜವಲ್ಲ. ಹನ್ನೊಂದನೆಯ ಶತಮಾನದ ವ್ಯಾಖ್ಯಾನಕಾರನಾದ ಚಕ್ರಪಾಣಿದತ್ತನು ಎರಡನೆಯ ಶಬ್ದವನ್ನು ‘ಚ’, ‘ಇಷ್ಟಾ’ ಎಂದು ಬಿಡಿಸುತ್ತಾನೆ. ಗುಣಸಂಧಿಯಿಂದ ಅದು ‘ಚೇಷ್ಟಾ’ ಎಂದೇ ಆಗುತ್ತದೆ. ಹೀಗೆ ಪದಚ್ಛೇದ ಮಾಡಿದರೆ, ಶರೀರದ ಚಲನೆಯು ‘ಇಷ್ಟ’ವೂ ಆಗಿದ್ದರೆ ಮಾತ್ರ ವ್ಯಾಯಾಮವೆನಿಸುತ್ತದೆ. ಕಾರ್ಯವಶದಿಂದ, ಬೇರೆ ಗತಿಯಿಲ್ಲದೆ ಮಾಡುವ ಭಾರಹರಣಾದಿಗಳು ಈ ಒಂದು ವಿಶೇಷಣದಿಂದಲೇ ನಿರಸ್ತವಾಗುತ್ತವೆ. ಒಂದು ಸಂಧಿಯಲ್ಲಿ ಅಡಗಿರುವ ಈ ಭೇದವು ಪ್ರಕೃತ ವಿಚಾರಕ್ಕೆ ಬಹು ಮುಖ್ಯವಾದುದು.

ಅದೇ ಅಧ್ಯಾಯದಲ್ಲಿ ವ್ಯಾಯಾಮವನ್ನು ವರ್ಜಿಸಬೇಕಾದವರ ಪಟ್ಟಿಯೊಂದೂ ಇದೆ. ಬಾಲರು, ವೃದ್ಧರು, ಕ್ರೋಧಶೋಕಭಯಗಳಿಂದ ಪೀಡಿತರು, ಹಸಿದವರು, ಬಾಯಾರಿದವರು ಇವರೊಡನೆ, ಭಾರ ಹೊತ್ತು ದಾರಿ ನಡೆದು ಕೃಶರಾದವರನ್ನೂ ಅಲ್ಲಿ ಎಣಿಸಿದೆ. ಸ್ತ್ರೀಯರೆಂಬ ಮಾತು ಆ ಪಟ್ಟಿಯಲ್ಲಿ ಇಲ್ಲ. ಇದರಿಂದ ಎರಡು ಅಂಶಗಳು ಸಿದ್ಧವಾಗುತ್ತವೆ: ಸ್ತ್ರೀತ್ವವು ವ್ಯಾಯಾಮಕ್ಕೆ ಪ್ರತಿಬಂಧಕವಲ್ಲ; ಹೊರೆಗೆಲಸದ ಶ್ರಮವು ವ್ಯಾಯಾಮವಲ್ಲದಿರುವುದಷ್ಟೇ ಅಲ್ಲ, ಅದಕ್ಕೆ ವಿರೋಧಿಯೂ ಹೌದು. ಯೋಗಶಾಸ್ತ್ರದಲ್ಲಿಯೂ ಅಧಿಕಾರದ ಪ್ರಶ್ನೆ ಹೀಗೆಯೇ ಪರಿಹೃತವಾಗಿದೆ. ಯೋಗಯಾಜ್ಞವಲ್ಕ್ಯವೆಂಬ ಗ್ರಂಥದಲ್ಲಿ ಆಸನ ಪ್ರಾಣಾಯಾಮಗಳ ಉಪದೇಶವನ್ನು ಪಡೆಯುವ ಶಿಷ್ಯಸ್ಥಾನದಲ್ಲಿರುವವಳು ಗಾರ್ಗಿ.

ಇನ್ನು ಮಾತ್ರೆಯ ವಿಷಯ. ತನ್ನ ಶಕ್ತಿಯಲ್ಲಿ ಅರ್ಧದಷ್ಟನ್ನು ಮಾತ್ರ ವ್ಯಾಯಾಮದಲ್ಲಿ ವ್ಯಯಿಸಬೇಕೆಂದು ಸುಶ್ರುತನು ವಿಧಿಸಿ, ಉಸಿರು ಬಾಯಿಗೆ ಬರುವುದೇ ಅದರ ಗುರುತೆಂದು ಹೇಳಿದ್ದಾನೆ. ದೇಹಲಾಘವ, ಕರ್ಮಸಾಮರ್ಥ್ಯ, ಅಗ್ನಿದೀಪ್ತಿ, ಮೇದಸ್ಸಿನ ಕ್ಷಯ ಇವು ವ್ಯಾಯಾಮದ ಫಲಗಳೆಂಬುದು ವಾಗ್ಭಟನ ಅಷ್ಟಾಂಗಹೃದಯದಲ್ಲಿದೆ. ಚರಕನು ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅತಿಸ್ಥೂಲನನ್ನೂ ಅತಿಕೃಶನನ್ನೂ ನಿಂದಿತರ ಸಾಲಿಗೆ ಸೇರಿಸಿ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ರೆ, ಮಧುರಸ್ನಿಗ್ಧಾಹಾರಗಳ ಅತಿಸೇವನೆ ಇವುಗಳೊಡನೆ ಬೀಜಸ್ವಭಾವವನ್ನೂ, ಎಂದರೆ ತಂದೆತಾಯಿಗಳಿಂದ ಬಂದ ದೇಹಪ್ರಕೃತಿಯನ್ನೂ, ಸ್ಥೌಲ್ಯದ ಕಾರಣಗಳಲ್ಲಿ ಹೇಳಿದ್ದಾನೆ. ಸ್ಥೌಲ್ಯವನ್ನು ಬಿಡಲಿಚ್ಛಿಸುವವರು ವ್ಯಾಯಾಮವನ್ನು ಕ್ರಮಕ್ರಮವಾಗಿ ಹೆಚ್ಚಿಸಿಕೊಳ್ಳತಕ್ಕದ್ದೆಂದೂ ನವಣೆ, ಸಾಮೆ, ಜೋಳ, ಹೆಸರು, ಹುರುಳಿ ಮೊದಲಾದ ಧಾನ್ಯಗಳನ್ನು ಉಪಯೋಗಿಸತಕ್ಕದ್ದೆಂದೂ ಅಲ್ಲಿ ವಿಧಿಯಿದೆ. ಆದುದರಿಂದ ಇಷ್ಟ, ಮಾತ್ರಾ, ಕ್ರಮ ಎಂಬ ಮೂರು ಲಕ್ಷಣಗಳನ್ನು ಕೈಯಲ್ಲಿ ಹಿಡಿದು ಇತಿಹಾಸವನ್ನು ನೋಡಬಹುದಾಗಿದೆ.

ಕನ್ನಡನಾಡಿನಲ್ಲಿ ಬಲವ್ಯಾಯಾಮದ ಶಾಸ್ತ್ರೀಯ ನಿರೂಪಣೆಗೆ ಮುಖ್ಯವಾದ ಆಧಾರವೆಂದರೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸ. ಅದರ ಮಲ್ಲವಿನೋದ ಪ್ರಕರಣದಲ್ಲಿ ಮಲ್ಲರ ವರ್ಗಗಳು, ಅವರ ಆಹಾರ, ಭಾರಶ್ರಮ, ಸ್ತಂಭಶ್ರಮವೇ ಮೊದಲಾದ ಅಭ್ಯಾಸಗಳು ನಿರೂಪಿತವಾಗಿವೆ. ಅಲ್ಲಿ ಭಾರವನ್ನೆತ್ತುವುದು ಸಾಮು. ಹೊರೆಯಾಳು ಭಾರವನ್ನೆತ್ತುವುದು ಜೀವನೋಪಾಯ. ಎತ್ತುವ ಭಾರವು ಒಂದೇ ಆದರೂ ಉದ್ದೇಶವೂ ಪರಿಮಾಣವೂ ಬೇರೆಯಾದುದರಿಂದ ಫಲವೂ ಬೇರೆಯಾಗುತ್ತದೆ. ಆದರೆ ಆ ಪ್ರಕರಣವು ಪುರುಷಮಲ್ಲರ ವಿಷಯವಾದುದು.

ಸ್ತ್ರೀಯರನ್ನು ಕುರಿತ ಸ್ಪಷ್ಟವಾದ ಸಾಕ್ಷ್ಯವು ವಿಜಯನಗರದ ಕಾಲದಲ್ಲಿ ದೊರೆಯುತ್ತದೆ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ ರಾಜಧಾನಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನೂ ಅಚ್ಯುತರಾಯನ ಕಾಲದಲ್ಲಿದ್ದ ಫೆರ್ನಾವ್ ನೂನಿಜನೂ ಬರೆದಿಟ್ಟ ವೃತ್ತಾಂತಗಳನ್ನು ರಾಬರ್ಟ್ ಸೀವೆಲ್ ಎಂಬ ವಿದ್ವಾಂಸರು ೧೯೦೦ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ರಾಯನು ಬೆಳಗಾಗುವ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಅದನ್ನೇ ಬಳಿದುಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಎತ್ತಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಕತ್ತಿವರಸೆ ಮಾಡಿ, ಬಳಿಕ ಜಟ್ಟಿಯೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನೆಂದು ಪಾಯೆಸನು ಹೇಳುತ್ತಾನೆ. ಅದೇ ಅರಮನೆಯ ಪರಿವಾರದಲ್ಲಿ ಕುಸ್ತಿ ಮಾಡುವ ಸ್ತ್ರೀಯರೂ ಲೆಕ್ಕಪತ್ರಗಳನ್ನು ಬರೆಯುವ ಸ್ತ್ರೀಯರೂ ಜ್ಯೋತಿಷ್ಯ ಬಲ್ಲ ಸ್ತ್ರೀಯರೂ ಇದ್ದರೆಂದು ನೂನಿಜನು ತಿಳಿಸುತ್ತಾನೆ.

ಪಾಯೆಸನು ಕಂಡ ಇನ್ನೊಂದು ವಿಷಯವು ಇದಕ್ಕಿಂತಲೂ ಬೆಲೆಯುಳ್ಳದ್ದು. ಅರಮನೆಯಲ್ಲಿ ನರ್ತಕಿಯರಿಗೆ ಶಿಕ್ಷಣ ಕೊಡುತ್ತಿದ್ದ ಶಾಲೆಯ ಕೊನೆಯಲ್ಲಿ ಬಣ್ಣ ಬಳಿದ ಗೂಡಿನಂತಹ ಒಂದು ಸ್ಥಳವಿದ್ದಿತು. ಸ್ತ್ರೀಯರು ಅಲ್ಲಿ ಕೈಗಳಿಂದ ಹಿಡಿದು ಜೋತು, ಮೈಯನ್ನೂ ಕಾಲುಗಳನ್ನೂ ನೀಡಿ ಸಡಿಲಿಸಿಕೊಳ್ಳುತ್ತಿದ್ದರು. ಸರ್ವಾಂಗಗಳೂ ಹದಗೊಂಡು ನೃತ್ಯವು ಸೊಗಸಾಗಲೆಂಬುದೇ ಈ ಅಭ್ಯಾಸದ ಉದ್ದೇಶ. ಹದಿನಾರನೆಯ ಶತಮಾನದ ಕನ್ನಡ ರಾಜಧಾನಿಯಲ್ಲಿ ಸ್ತ್ರೀಯರ ಅಂಗಸಾಧನೆಗಾಗಿಯೇ ಕಟ್ಟಿದ ಸ್ಥಳವಿತ್ತೆಂಬುದಕ್ಕೆ ಇದು ಕಣ್ಣಾರೆ ಕಂಡವನ ಪ್ರಮಾಣ. ಪರದೇಶದ ಸಂಪ್ರದಾಯವೆಂಬ ಮೊದಲನೆಯ ಪಕ್ಷವು ಇಷ್ಟರಿಂದಲೇ ನಿಲ್ಲಲಾರದು.

ಆದರೆ ಈ ಪ್ರಮಾಣದಿಂದ ಅತಿಯಾಗಿ ಊಹಿಸುವುದೂ ಯುಕ್ತವಲ್ಲ. ಶ್ರವಣಬೆಳಗೊಳದ ವೀರಗಲ್ಲಿನಲ್ಲಿ ಗಂಡನೊಡನೆ ಕಾಳಗಕ್ಕೆ ಹೋಗಿ ಕುದುರೆಯ ಮೇಲೆ ಕತ್ತಿಯೆತ್ತಿ ನಿಂತ ಹತ್ತನೆಯ ಶತಮಾನದ ಸಾವಿಯಬ್ಬೆಯ ಶಿಲ್ಪವಿದೆ. ಅದು ಅವಳ ಶೌರ್ಯಕ್ಕೆ ಸಾಕ್ಷಿಯೇ ಹೊರತು, ಅವಳ ಊರಿನ ಹೆಂಗಸರೆಲ್ಲರೂ ಆಯುಧಾಭ್ಯಾಸ ಮಾಡುತ್ತಿದ್ದರೆಂಬುದಕ್ಕೆ ಸಾಕ್ಷಿಯಲ್ಲ. ಹಾಗೆಯೇ ವಿಜಯನಗರದ ಮಲ್ಲಸ್ತ್ರೀಯರೂ ನರ್ತಕಿಯರೂ ಅರಮನೆಯ ಊಳಿಗದವರು. ಅವರ ಸಾಮು ಅವರ ವೃತ್ತಿಗೆ ಅಂಗವಾಗಿದ್ದಿತು. ಕ್ರಮವಿತ್ತು, ಮಾತ್ರೆಯೂ ಇದ್ದಿರಬಹುದು. ಆದರೆ ಅದು ರಾಜನ ವಿನೋದಕ್ಕಾಗಿ ಸಿದ್ಧವಾದ ಬಲ. ತನ್ನ ಆರೋಗ್ಯಕ್ಕಾಗಿ ತಾನೇ ಇಷ್ಟಪಟ್ಟು ವ್ಯಾಯಾಮ ಮಾಡಿದ ಗೃಹಿಣಿಯು ಈ ವೃತ್ತಾಂತಗಳಲ್ಲಿ ಕಾಣುವುದಿಲ್ಲ.

ಗೃಹಿಣಿಯ ಸ್ಥಿತಿಯು ಹೇಗಿದ್ದಿತೆಂಬುದನ್ನು ನೋಡುವುದಾದರೆ ಎರಡನೆಯ ಪಕ್ಷವು ಎದುರಾಗುತ್ತದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮನು ಹದಿಬದೆಯ ಧರ್ಮವೆಂಬ ಸಾಂಗತ್ಯಕಾವ್ಯದಲ್ಲಿ ಗೃಹಿಣಿಯ ಕರ್ತವ್ಯಗಳನ್ನು ಧರ್ಮರೂಪವಾಗಿ ನಿರೂಪಿಸಿದಳು. ಹೆಣ್ಣನ್ನು ಹೀಗಳೆಯುವವರನ್ನು ದಿಟ್ಟತನದಿಂದ ಆಕ್ಷೇಪಿಸಿದ ಕವಯಿತ್ರಿಯೂ ಅವಳೇ. ಆ ಕರ್ತವ್ಯಗಳ ಭಾರವು ಎಷ್ಟೆಂಬುದನ್ನು ತಿಳಿಯಬೇಕಾದರೆ ಅದೇ ಮೈಸೂರು ಸೀಮೆಯ ಹಳ್ಳಿಗಳನ್ನು ನೋಡಬೇಕು. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯನ್ನೂ ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಗ್ರಾಮಗಳನ್ನೂ ಉದಾಹರಿಸಬಹುದು. ಇವು ರಾಗಿಯ ಸೀಮೆ. ಹಿಟ್ಟಿನ ಗಿರಣಿಗಳು ಬರುವ ಮುಂಚೆ ಕೋಳಿ ಕೂಗುವ ಹೊತ್ತಿಗೆ ರಾಗಿಕಲ್ಲಿನ ಮುಂದೆ ಕುಳಿತು ಆ ದಿನದ ಹಿಟ್ಟನ್ನು ಬೀಸುವುದು, ಒರಳಿನಲ್ಲಿ ಒನಕೆಯಿಂದ ಭತ್ತವನ್ನು ಕುಟ್ಟುವುದು, ಬಾವಿಯಿಂದಲೋ ಕೆರೆಯಿಂದಲೋ ಕೊಡಗಳಲ್ಲಿ ನೀರನ್ನು ತರುವುದು, ಸೌದೆಯ ಹೊರೆಯನ್ನು ಹೊರುವುದು, ಹೊಲದಲ್ಲಿ ನಾಟಿ ಕಳೆಗಳನ್ನು ಮಾಡುವುದು ಇವೆಲ್ಲವೂ ಹೆಂಗಸರ ಪಾಲಿನವು. ಹೊಗೆಸೊಪ್ಪಿನ ಬೆಳೆ ಬಂದ ಮೇಲೆ ಎಲೆಗಳನ್ನು ಕಡ್ಡಿಗೆ ಕಟ್ಟುವುದೂ ಬೇಯಿಸಿದ ಎಲೆಗಳನ್ನು ವಿಂಗಡಿಸುವುದೂ ಇವುಗಳೊಡನೆ ಸೇರಿದವು.

ಈ ಕೆಲಸಗಳಿಂದ ಅವರಲ್ಲಿ ಬಲವುಂಟಾಗುತ್ತಿದ್ದಿತೆಂಬುದು ನಿಜ. ತೋಳು, ಬೆನ್ನು, ಸೊಂಟಗಳಿಗೆ ಒನಕೆಯೂ ರಾಗಿಕಲ್ಲೂ ಕೊಡುತ್ತಿದ್ದ ದಾರ್ಢ್ಯವನ್ನು ಅಲ್ಲಗಳೆಯುವುದು ಯಾರಿಂದಲೂ ಆಗದು. ‘ಆ ಕೆಲಸವು ಅನಿಷ್ಟವಾಗಿತ್ತೆಂದು ಹೇಗೆ ಹೇಳಬಹುದು? ಬೀಸುವ ಕಲ್ಲಿಗೆ ಕೈಮುಗಿದು ಪದ ಹಾಡುತ್ತ ಅವರು ಬೀಸುತ್ತಿದ್ದರಲ್ಲವೇ?’ ಎಂದು ಪೂರ್ವಪಕ್ಷಿಯು ಕೇಳಬಹುದು. ಈ ಪ್ರಶ್ನೆಯು ತಳ್ಳಿಹಾಕತಕ್ಕದ್ದಲ್ಲ. ಬೀಸುವ ಪದಗಳೂ ಕುಟ್ಟುವ ಪದಗಳೂ ಕನ್ನಡ ಜನಪದ ಸಾಹಿತ್ಯದ ಸಾರಭಾಗವಾಗಿವೆ. ಕಲ್ಲನ್ನು ತಾಯಿಯೆಂದು ಕರೆಯುವ ಭಾವವು ಅವುಗಳಲ್ಲಿ ತೋರಿಬರುತ್ತದೆ. ಆದರೆ ಅದೇ ಪದಗಳಲ್ಲಿ ತವರಿನ ನೆನಪೂ ಅತ್ತೆಯ ಮನೆಯ ಕಷ್ಟವೂ ದಣಿವೂ ತೋರಿಬರುತ್ತವೆ. ಹಾಡು ಶ್ರಮವನ್ನು ಹಗುರಮಾಡುವುದಕ್ಕೆ ಹುಟ್ಟಿದ್ದು. ಶ್ರಮವು ಹಗುರವಾಗಿದ್ದಿದ್ದರೆ ಅದರ ಅವಶ್ಯಕತೆಯೇನು?

ಇಷ್ಟದ ವಿಷಯದಲ್ಲಿ ವಾದಕ್ಕೆ ಅವಕಾಶವಿದೆಯೆಂದೇ ಒಪ್ಪಿದರೂ ಮಾತ್ರೆಯ ವಿಷಯದಲ್ಲಿ ಅವಕಾಶವಿಲ್ಲ. ಸುಶ್ರುತನ ಮತದಲ್ಲಿ ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳುವುದು ಮಾಡುವವರ ಉಸಿರು. ರಾಗಿಕಲ್ಲಿನ ಮುಂದೆ ಅದನ್ನು ಹೇಳುವುದು ಮೊರದಲ್ಲಿ ಉಳಿದಿರುವ ರಾಗಿ. ಮನೆಯಲ್ಲಿ ಹತ್ತು ಜನ ಉಣ್ಣುವವರಿದ್ದರೆ ಹತ್ತು ಜನಕ್ಕೆ ಬೇಕಾದ ಹಿಟ್ಟು ಆಗಲೇಬೇಕು. ಬೀಸುವವಳು ಬಸುರಿಯಾಗಿದ್ದರೂ ಬಾಣಂತನದಿಂದ ಈಚೆಗೆ ಎದ್ದವಳಾಗಿದ್ದರೂ ಜ್ವರದಿಂದ ಬಳಲಿದ್ದರೂ ಆ ಪರಿಮಾಣವು ಕಡಮೆಯಾಗುವುದಿಲ್ಲ. ಕ್ರಮವೆಂಬ ಮೂರನೆಯ ಲಕ್ಷಣಕ್ಕೂ ಇಲ್ಲಿ ಸ್ಥಾನವಿಲ್ಲ. ಮದುವೆಯಾಗಿ ಬಂದ ಎಳೆಯ ಸೊಸೆಗೆ ಮೊದಲನೆಯ ದಿನವೇ ಪೂರ್ತಿ ಭಾರವು ಬೀಳುತ್ತಿದ್ದಿತು. ಆದುದರಿಂದ ಮನೆಗೆಲಸವೇ ವ್ಯಾಯಾಮವೆಂಬ ಪಕ್ಷವು ಶಾಸ್ತ್ರದೃಷ್ಟಿಯಿಂದ ಅಸಿದ್ಧ. ಅದು ಶ್ರಮ, ಚರಕನು ವ್ಯಾಯಾಮದಿಂದ ಹೊರಗಿರಿಸಿದ ಭಾರಕೃಶರಲ್ಲಿ ಈ ಸ್ತ್ರೀಯರನ್ನೇ ಎಣಿಸಬೇಕಾಗುತ್ತದೆ.

ಅದೇ ಹಳ್ಳಿಗಳ ಗಂಡಸರಿಗೆ ಶ್ರಮವೂ ಇದ್ದಿತು, ವ್ಯಾಯಾಮವೂ ಇದ್ದಿತು ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಹೊಲದಲ್ಲಿ ದುಡಿಯುವ ರೈತನ ಮಗನು ಗರಡಿಮನೆಗೂ ಹೋಗಿ ಕೆಮ್ಮಣ್ಣಿನ ಅಂಕಣದಲ್ಲಿ ದಂಡೆ ಬಸ್ಕಿಗಳನ್ನು ಹೊಡೆದು, ಗದೆ ತಿರುಗಿಸಿ, ಗುಂಡುಕಲ್ಲನ್ನೆತ್ತುತ್ತಿದ್ದನು. ದುಡಿಮೆಯೇ ಸಾಕಷ್ಟು ವ್ಯಾಯಾಮವೆಂದು ಅವನಿಗೆ ಯಾರೂ ಹೇಳಲಿಲ್ಲ. ಮೈಸೂರಿನ ಅರಸರ ಆಶ್ರಯದಲ್ಲಿ ಜಟ್ಟಿಗಳ ವಿದ್ಯೆಯೂ ದಸರೆಯ ಕುಸ್ತಿಯೂ ಬೆಳೆದುಬಂದುವು. ಆದರೆ ಗರಡಿಯ ಹೊಸಲನ್ನು ಹೆಂಗಸರು ದಾಟುವ ಸಂಪ್ರದಾಯವಿರಲಿಲ್ಲ. ಹೀಗೆ ಗೃಹಸ್ಥ ಸ್ತ್ರೀಯರಿಗೆ ಇಲ್ಲದಿದ್ದುದು ಬಲವಲ್ಲ. ಬಲಕ್ಕಾಗಿ ಮೀಸಲಾದ ಒಂದು ಹೊತ್ತು, ಒಂದು ಸ್ಥಳ.

ಈ ಸ್ಥಿತಿಯು ಬದಲಾಗತೊಡಗಿದ್ದು ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ. ೧೯೨೩ರಲ್ಲಿ ಡಾ. ನಾ. ಸು. ಹರ್ಡೀಕರರು ಸ್ಥಾಪಿಸಿದ ಹಿಂದೂಸ್ತಾನಿ ಸೇವಾದಳವು ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡು ಕವಾಯಿತು, ಅಂಗಸಾಧನೆಗಳ ಶಿಕ್ಷಣವನ್ನು ಕೊಡುತ್ತಿದ್ದಿತು. ಮರುವರ್ಷ ಬೆಳಗಾವಿಯ ಕಾಂಗ್ರೆಸ್ಸಿಗೆ ಶ್ರೀಮತಿ ಉಮಾಬಾಯಿ ಕುಂದಾಪುರ ಅವರು ನೂರೈವತ್ತಕ್ಕೂ ಹೆಚ್ಚು ಮಂದಿ ಸ್ತ್ರೀಯರನ್ನು ಸ್ವಯಂಸೇವಿಕೆಯರನ್ನಾಗಿ ಸಿದ್ಧಗೊಳಿಸಿದರು. ಮನೆಯೊಳಗಿದ್ದ ಹೆಂಗಸರು, ಅವರಲ್ಲಿ ವಿಧವೆಯರೂ ಸಹ, ಸಾಲಾಗಿ ಬಯಲಿನಲ್ಲಿ ನಿಂತದ್ದು ಸಾಮಾನ್ಯವಾದ ಸಂಗತಿಯಲ್ಲ. ಇದೇ ದಶಕದಲ್ಲಿ ಔಂಧ ಸಂಸ್ಥಾನದ ಅರಸರಾದ ಭವಾನರಾವ್ ಪಂತ ಪ್ರತಿನಿಧಿಗಳು ಸೂರ್ಯನಮಸ್ಕಾರವನ್ನು ಸ್ತ್ರೀಪುರುಷರಿಬ್ಬರಿಗೂ ಉಚಿತವಾದ ವ್ಯಾಯಾಮವೆಂದು ಪ್ರಚಾರ ಮಾಡಿದರು. ಅವರ ರಾಣಿಯೂ ಅದನ್ನು ಅಭ್ಯಾಸ ಮಾಡುತ್ತಿದ್ದರು.

ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆಯು ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಆರಂಭವಾಯಿತು. ಮರುವರ್ಷ ಅವರ ಯೋಗಮಕರಂದವು ಕನ್ನಡದಲ್ಲಿ ಅಚ್ಚಾಯಿತು. ೧೯೩೬ರಲ್ಲಿ ಆಚಾರ್ಯರು ಶಿಷ್ಯರೊಡನೆ ಉತ್ತರ ಕರ್ನಾಟಕದಲ್ಲಿ ಸಂಚರಿಸುತ್ತ ಧಾರವಾಡಕ್ಕೆ ಬಂದಾಗ ಅಲ್ಲಿಯ ಕೆಲವರು ಸ್ತ್ರೀಯರು ತಮಗೂ ಯೋಗಾಭ್ಯಾಸವನ್ನು ಕಲಿಸಬೇಕೆಂದು ಕೇಳಿಕೊಂಡರು. ಶಿಷ್ಯರಲ್ಲಿ ವಯಸ್ಸಿನಿಂದ ಚಿಕ್ಕವನೆಂಬ ಕಾರಣದಿಂದ ಕೋಲಾರದ ಸೀಮೆಯ ಬೆಳ್ಳೂರಿನ ಹದಿನೇಳು ವರ್ಷದ ಬಾಲಕನನ್ನು ಅದಕ್ಕೆ ನಿಯಮಿಸಲಾಯಿತು. ಆತನೇ ಮುಂದೆ ಜಗತ್ಪ್ರಸಿದ್ಧರಾದ ಬಿ. ಕೆ. ಎಸ್. ಅಯ್ಯಂಗಾರ್, ಅವರ ಬೋಧಕವೃತ್ತಿಯು ಕನ್ನಡ ಸ್ತ್ರೀಯರಿಗೆ ಪಾಠ ಹೇಳುವುದರಿಂದಲೇ ಮೊದಲಾಯಿತು. ಧಾರವಾಡದ ಆ ಸ್ತ್ರೀಯರ ಹೆಸರುಗಳು ಪ್ರಸಿದ್ಧಿಗೆ ಬರಲಿಲ್ಲ. ಆದರೆ ವೃತ್ತಿಗಾಗಿಯೂ ಅಲ್ಲ, ಅಪ್ಪಣೆಯಿಂದಲೂ ಅಲ್ಲ, ತಾವಾಗಿಯೇ ಕೇಳಿ ಪಡೆದ ವಿದ್ಯೆಯಾದುದರಿಂದ, ಚಕ್ರಪಾಣಿಯು ಬಿಡಿಸಿ ತೋರಿದ ‘ಇಷ್ಟಾ’ ಎಂಬ ಪದಕ್ಕೆ ಕನ್ನಡನಾಡಿನ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ. ೧೯೩೭ರಲ್ಲಿ ಇಂದ್ರಾದೇವಿಯೆಂಬ ಹೆಸರಿನ ಯೂರೋಪಿನ ಮಹಿಳೆಯು ಮೈಸೂರಿಗೆ ಬಂದಾಗ ಮೊದಲು ಒಪ್ಪದಿದ್ದ ಆಚಾರ್ಯರು ಮಹಾರಾಜರ ಅಪೇಕ್ಷೆಯ ಮೇರೆಗೆ ಆಕೆಯನ್ನು ಶಿಷ್ಯೆಯನ್ನಾಗಿ ಸ್ವೀಕರಿಸಿದರು. ೧೯೩೮ರಲ್ಲಿ ತೆಗೆದ ಚಲಚ್ಚಿತ್ರದಲ್ಲಿ ಆಚಾರ್ಯರೊಡನೆ ಅವರ ಪತ್ನಿ ನಾಮಗಿರಿಯಮ್ಮನವರೂ ಮಕ್ಕಳೂ ಆಸನಗಳನ್ನು ಮಾಡುತ್ತಿರುವುದನ್ನು ಇಂದಿಗೂ ನೋಡಬಹುದಾಗಿದೆ.

ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರು ಭಾರವನ್ನೆತ್ತುವ ಸಾಧನೆಯನ್ನೂ ಹಠಯೋಗವನ್ನೂ ಕೂಡಿಸಿ ತಮ್ಮ ವ್ಯಾಯಾಮಶಾಲೆಯಲ್ಲಿ ಕಲಿಸುತ್ತಿದ್ದರು. ಹೊಯ್ಸಳ ರಾಣಿಯನ್ನು ಕುರಿತ ಶಾಂತಲಾ ಎಂಬ ಕಾದಂಬರಿಯ ಕರ್ತೃಗಳೂ ಇವರೇ. ಆದರೂ ಆ ಪೀಳಿಗೆಯಲ್ಲಿ ಆಸನವೂ ನಮಸ್ಕಾರವೂ ಸ್ತ್ರೀಯರ ಕಡೆಗೆ ಬಂದಷ್ಟು ಸುಲಭವಾಗಿ ಭಾರವು ಬರಲಿಲ್ಲ. ಭಾರವನ್ನೆತ್ತಿದರೆ ಹೆಣ್ಣಿನ ಅಂಗಸೌಷ್ಠವವು ಕೆಡುವುದೆಂಬ ಭಯವು ಅಡ್ಡವಾಗಿ ನಿಂತಿತು. ಕೊಡ, ಸೌದೆ, ಒನಕೆಗಳ ಭಾರದಿಂದ ಕೆಡದ ಸೌಷ್ಠವವು ಸಾಮಿನ ಭಾರದಿಂದ ಹೇಗೆ ಕೆಡುವುದೆಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಒಲಿಂಪಿಕ್ ಕ್ರೀಡೆಗಳಲ್ಲಿ ಪುರುಷರಿಗೆ ೧೮೯೬ರಿಂದಲೇ ಇದ್ದ ಭಾರ ಎತ್ತುವ ಸ್ಪರ್ಧೆಯು ಸ್ತ್ರೀಯರಿಗೆ ದೊರೆತದ್ದು ೨೦೦೦ದಲ್ಲಿ. ಆ ವರ್ಷವೇ ಸಿಡ್ನಿಯಲ್ಲಿ ನೆರೆಯ ಆಂಧ್ರದ ಕರ್ಣಂ ಮಲ್ಲೇಶ್ವರಿಯವರು ಎರಡು ವಿಧದ ಎತ್ತುವಿಕೆಗಳಲ್ಲಿ ಒಟ್ಟು ೨೪೦ ಕಿಲೋಗ್ರಾಂ ಎತ್ತಿ ಕಂಚಿನ ಪದಕವನ್ನು ಪಡೆದರು. ಒಲಿಂಪಿಕ್ ಪದಕ ಪಡೆದ ಭಾರತೀಯ ಸ್ತ್ರೀಯರಲ್ಲಿ ಅವರೇ ಮೊದಲಿಗರು. ಮೈಸೂರು ದಸರೆಯ ಕುಸ್ತಿಯಲ್ಲಿ ಈಗ ಸ್ತ್ರೀಯರ ಪಂದ್ಯಗಳೂ ನಡೆಯುತ್ತವೆ.

ಈ ನಡುವೆ ಹಳ್ಳಿಗಳಲ್ಲಿಯೂ ದೊಡ್ಡ ಬದಲಾವಣೆಯಾಯಿತು. ಹಿಟ್ಟಿನ ಗಿರಣಿಯೂ ನಲ್ಲಿಯ ನೀರೂ ಅಡುಗೆಯ ಅನಿಲವೂ ಬಂದು ಹಳೆಯ ಶ್ರಮವನ್ನು ಬಹುಮಟ್ಟಿಗೆ ಇಳಿಸಿದುವು. ಶ್ರಮವು ಹೋಯಿತು, ಅದರ ಸ್ಥಾನದಲ್ಲಿ ವ್ಯಾಯಾಮವು ಬರಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷದ ಸ್ತ್ರೀಯರ ಪೈಕಿ ಮಿತಿಮೀರಿದ ತೂಕವುಳ್ಳವರು ೨೦೧೫–೧೬ರಲ್ಲಿ ಶೇಕಡ ೨೩.೩ರಷ್ಟಿದ್ದು ೨೦೧೯–೨೧ರಲ್ಲಿ ಶೇಕಡ ೩೦.೧ಕ್ಕೆ ಏರಿದರು. ಅದೇ ಸಮೀಕ್ಷೆಯಲ್ಲಿ ತೂಕವು ಸಾಲದವರು ಶೇಕಡ ೧೭.೨ರಷ್ಟಿದ್ದಾರೆ. ಚರಕನು ಹೇಳಿದ ಅತಿಸ್ಥೂಲರೂ ಅತಿಕೃಶರೂ ಒಂದೇ ನಾಡಿನಲ್ಲಿ, ಅನೇಕ ವೇಳೆ ಒಂದೇ ಬೀದಿಯಲ್ಲಿ ಇರುವಂತಾಗಿದೆ.

ಆಧುನಿಕ ವೈದ್ಯಶಾಸ್ತ್ರದ ನಿರ್ಣಯಗಳೂ ಈ ಸಂದರ್ಭದಲ್ಲಿ ಉಲ್ಲೇಖನಾರ್ಹವಾಗಿವೆ. ವಯಸ್ಸು ಏರಿದಂತೆ ಮಾಂಸಖಂಡಗಳು ಕ್ಷೀಣಿಸುತ್ತವೆ. ಸ್ತ್ರೀಯರಲ್ಲಿ ಮುಟ್ಟು ನಿಂತ ಮೇಲೆ ಅಸ್ಥಿಯ ಸಾಂದ್ರತೆಯು ಬೇಗನೆ ಇಳಿಯುತ್ತದೆ. ಭಾರಕ್ಕೆ ಎದುರಾಗಿ ಮಾಂಸಖಂಡವನ್ನು ದುಡಿಸುವ ಅಭ್ಯಾಸವು ಈ ಎರಡು ಕ್ಷಯಗಳನ್ನೂ ತಡೆಯಲು ಸಹಾಯಕವಾದುದು. ಕೇವಲ ಉಪವಾಸದಿಂದ ತೂಕವನ್ನು ಇಳಿಸಿದರೆ ಮೇದಸ್ಸಿನೊಡನೆ ಮಾಂಸವೂ ಕರಗುತ್ತದೆ. ಮಿತಾಹಾರದೊಡನೆ ಬಲವ್ಯಾಯಾಮವು ಸೇರಿದರೆ ಮಾಂಸವು ಬಹುಮಟ್ಟಿಗೆ ಉಳಿಯುತ್ತದೆ. ಆಹಾರದ ನಿಯಮವಿಲ್ಲದೆ ವ್ಯಾಯಾಮವೊಂದರಿಂದಲೇ ತೂಕವು ಹೆಚ್ಚಾಗಿ ಇಳಿಯುವುದಿಲ್ಲವೆಂಬುದೂ ತಿಳಿದ ವಿಷಯ. ಪ್ರೌಢರೆಲ್ಲರೂ ವಾರದಲ್ಲಿ ಎರಡು ದಿನಗಳಿಗೆ ಕಡಮೆಯಿಲ್ಲದಂತೆ ಮುಖ್ಯ ಮಾಂಸಖಂಡಗಳೆಲ್ಲವನ್ನೂ ಬಲಪಡಿಸುವ ವ್ಯಾಯಾಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಸೂಚಿಸಿತು. ಸ್ತ್ರೀಪುರುಷಭೇದವನ್ನು ಅದು ಮಾಡಲಿಲ್ಲ. ಭಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸುವ ಇಂದಿನ ಪದ್ಧತಿಯು ಚರಕನ ಕ್ರಮವಿಧಿಗೆ ಸಂವಾದಿಯಾಗಿದೆ. ಒಂದು ಅಂಶದಲ್ಲಿ ಮಾತ್ರ ಪ್ರಾಚೀನ ಮತವನ್ನು ಅನುಸರಿಸುವುದು ಸಾಧ್ಯವಿಲ್ಲ. ಗರ್ಭಿಣಿಯು ವ್ಯಾಯಾಮವನ್ನು ಪೂರ್ತಿಯಾಗಿ ವರ್ಜಿಸಬೇಕೆಂದು ಸುಶ್ರುತನು ವಿಧಿಸಿದ್ದಾನೆ. ವೈದ್ಯರು ನಿಷೇಧಿಸದಿದ್ದರೆ ಮಿತವಾದ ವ್ಯಾಯಾಮವು ಗರ್ಭಿಣಿಗೆ ಹಿತವೆಂಬುದು ಇಂದಿನ ನಿರ್ಣಯ. ಗರ್ಭಿಣಿಗೂ ರಾಗಿಕಲ್ಲಿನಿಂದ ಬಿಡುವಿಲ್ಲದಿದ್ದ ಮನೆಗಳನ್ನು ನೆನೆದರೆ, ಪ್ರಾಚೀನರ ನಿಷೇಧವೂ ನಿಷ್ಕಾರಣವಾದುದಲ್ಲವೆಂದು ತೋರುತ್ತದೆ.

ಮೇಲ್ಕಂಡ ವಿಚಾರದಿಂದ ಸಿದ್ಧವಾಗುವುದಿಷ್ಟು. ಸ್ತ್ರೀಯರ ಬಲವ್ಯಾಯಾಮವು ಕನ್ನಡನಾಡಿಗೆ ಹೊಸದಲ್ಲ. ಅರಮನೆಯ ಊಳಿಗದಲ್ಲಿ ಅದು ನಾನೂರೈವತ್ತು ವರ್ಷಗಳಿಗೂ ಹಿಂದೆಯೇ ಇದ್ದಿತು. ಶಾಸ್ತ್ರವು ಅದನ್ನು ಸ್ತ್ರೀಯರಿಗೆಂದು ನಿಷೇಧಿಸಲಿಲ್ಲ. ಗೃಹಿಣಿಯರು ಮಾಡುತ್ತಿದ್ದ ಶ್ರಮವನ್ನು ವ್ಯಾಯಾಮವೆಂದು ಕರೆದದ್ದರಿಂದ ಆದ ಹಾನಿಯು ದೊಡ್ಡದು. ಹಾಗೆ ಕರೆದುದರಿಂದಲೇ ಅವರಿಗೆ ಬೇರೆ ಸಾಮು ಬೇಡವೆನಿಸಿತು, ಅವರ ದಣಿವೂ ಯಾರ ಗಣನೆಗೂ ಬರಲಿಲ್ಲ. ಇಂದೂ ಹಾರನಹಳ್ಳಿಯ ಸುತ್ತಿನ ಹೊಲಗಳಲ್ಲಿ ಕೂಲಿಗೆ ಹೋಗುವ ಸ್ತ್ರೀಯರಿಗೆ ಮೊದಲು ಬೇಕಾದುದು ವಿಶ್ರಾಂತಿ ಮತ್ತು ಪುಷ್ಟಿಯಾದ ಆಹಾರ, ಆಮೇಲೆ ಸಾಮು. ಗಿರಣಿಯೂ ನಲ್ಲಿಯೂ ಬಿಡುವು ಕೊಟ್ಟಿರುವ ಮನೆಗಳ ಸ್ತ್ರೀಯರಿಗಾದರೋ ಆ ಬಿಡುವಿನಲ್ಲಿ ಒಂದು ಭಾಗವು ಅವರ ದೇಹಕ್ಕೇ ಸಲ್ಲತಕ್ಕದ್ದು. ಹಳ್ಳಿಯ ಗರಡಿಯಲ್ಲಿಯೋ ಶಾಲೆಯ ಅಂಗಳದಲ್ಲಿಯೋ ದಿನಕ್ಕೆ ಅರ್ಧ ಗಂಟೆಯ ಹೊತ್ತನ್ನೂ ನಾಲ್ಕು ಮೊಳದ ಸ್ಥಳವನ್ನೂ ಅವರಿಗೆ ಮೀಸಲಾಗಿಟ್ಟರೆ, ೧೯೩೬ರಲ್ಲಿ ಧಾರವಾಡದ ಸ್ತ್ರೀಯರು ಕೇಳಿ ಪಡೆದುದು ಪಿರಿಯಾಪಟ್ಟಣದ ಸೀಮೆಗೂ ಬಂದಂತಾಗುವುದು.